ಪೆಟ್ರೋಲಿನಲ್ಲಿ ಮುಳುಗಿದ ಮೋಟಾರು

ಕಾರ್ಬುರೇಟರ್ ಕಾಲದ ಟ್ಯಾಕ್ಸಿಯಲ್ಲಿ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿದವರಿಗೆ ಈ ದೃಶ್ಯ ನೆನಪಿರಬೇಕು. ಏಪ್ರಿಲ್‌ನ ನಡುಮಧ್ಯಾಹ್ನ. ಆರೇಳು ತಿರುವು ಏರಿದ ಮೇಲೆ ಕಾರು ಎರಡು ಸಲ ಮುಗ್ಗರಿಸಿ, ಕೆಮ್ಮಿ, ನಿಂತೇಬಿಡುತ್ತದೆ. ಡ್ರೈವರಿಗೆ ಗಾಬರಿಯೇನೂ ಇಲ್ಲ. ಇಳಿದು ಹಿಂದಿನ ಚಕ್ರಕ್ಕೊಂದು ಕಲ್ಲು ಕೊಡುತ್ತಾನೆ. ಬಾನೆಟ್ ಎತ್ತಿ, ಹೆಗಲ ಮೇಲಿನ ಟವೆಲನ್ನು ಕ್ಯಾನಿನ ನೀರಲ್ಲಿ ಅದ್ದಿ, ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡ ಮುಷ್ಟಿಗಾತ್ರದ ಲೋಹದ ಬುರುಡೆಯೊಂದಕ್ಕೆ ಸುತ್ತುತ್ತಾನೆ. ಬೀಡಿ ಹಚ್ಚಲು ಮಾತ್ರ ಹತ್ತು ಮಾರು ದೂರ ಹೋಗುತ್ತಾನೆ. ಕಾಲು ಗಂಟೆ ಕಳೆದು ಸೆಲ್ಫ್ ಹೊಡೆದರೆ ಕಾರು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗಿ ಕೊಟ್ಟಿಗೆಹಾರದ ನೀರುದೋಸೆಯವರೆಗೆ ಹೊರಡುತ್ತದೆ.

‘ಏರ್ ಲಾಕ್ ಆಗಿತ್ತು ಸಾರ್’ ಎನ್ನುತ್ತಿದ್ದರು ಡ್ರೈವರುಗಳು. ಒದ್ದೆ ಬಟ್ಟೆಯ ಔಷಧಿ ಸರಿಯಾದದ್ದೇ. ರೋಗದ ಹೆಸರು ಮಾತ್ರ ಪೂರ್ತಿ ಸರಿಯಲ್ಲ, ಏಕೆಂದರೆ ಕೊಳವೆಯಲ್ಲಿ ಸಿಕ್ಕಿಕೊಂಡದ್ದು ಗಾಳಿಯಲ್ಲ.

ಈಗ ಯಾರೂ ಘಾಟಿಯಲ್ಲಿ ಪಂಪಿಗೆ ಒದ್ದೆ ಬಟ್ಟೆ ಕಟ್ಟುವುದಿಲ್ಲ. ಬದಲಿಗೆ ಬೇರೊಂದು ಸದ್ದು ನಮಗೆಲ್ಲ ಪರಿಚಯವಾಗಿದೆ. ಕಾರಿನ ಅಥವಾ ಹೊಸ ಬೈಕಿನ ಕೀ ತಿರುಗಿಸಿ ಕಿವಿಗೊಟ್ಟರೆ ಟ್ಯಾಂಕಿನೊಳಗೆ ಎರಡು ಸೆಕೆಂಡು ‘ಜುಂಯ್’ ಎಂದು ಏನೋ ತಿರುಗಿ ನಿಲ್ಲುತ್ತದೆ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದ ಮೇಲೆ ನಮ್ಮ ಬಹುತೇಕ ದ್ವಿಚಕ್ರ ವಾಹನಗಳಿಗೂ ಈ ಸದ್ದು ಬಂತು. ಅದು ಪೆಟ್ರೋಲಿನೊಳಗೆ ಪೂರ್ತಿ ಮುಳುಗಿ ಕೂತ ವಿದ್ಯುತ್ ಮೋಟಾರಿನ ಸದ್ದು. ಕಾರ್ಬನ್ ಬ್ರಷ್ ಉಜ್ಜುತ್ತ ಕಿಡಿ ಹಾರಿಸುವ ಮೋಟಾರನ್ನು ಯಾರಾದರೂ ಪೆಟ್ರೋಲಿನಲ್ಲಿ ಮುಳುಗಿಸುತ್ತಾರೆಯೇ? ಮುಳುಗಿಸುತ್ತಾರೆ. ಹಾಗೆ ಮುಳುಗಿಸಿದ ಕಾರಣಕ್ಕೇ ಒದ್ದೆ ಬಟ್ಟೆಯ ಕಾಲ ಮುಗಿಯಿತು.

ಸೇದುವ ಪಂಪು, ನೂಕುವ ಪಂಪು

ನಮ್ಮ ಬಯಲುಸೀಮೆಯ ರೈತರಿಗೆ ಈ ವಿಷಯ ಅರ್ಧ ಗೊತ್ತಿರುವುದೇ. ತೆರೆದ ಬಾವಿಯ ಕಾಲದಲ್ಲಿ ಪಂಪ್‌ಸೆಟ್ಟು ದಡದ ಮೇಲಿರುತ್ತಿತ್ತು. ಬಾವಿಯ ನೀರು ಕೆಳಗಿಳಿದಂತೆ ಬಾವಿಯೊಳಗೊಂದು ಕಟ್ಟೆ ಕಟ್ಟಿ ಪಂಪನ್ನೂ ಕೆಳಗಿಳಿಸುತ್ತಿದ್ದರು. ಮೇಲೆ ಕೂತ ಪಂಪು ಇಪ್ಪತ್ತೈದು ಅಡಿ ಆಳದಾಚೆಯ ನೀರನ್ನು ಸರಿಯಾಗಿ ಎತ್ತುತ್ತಿರಲಿಲ್ಲ. ಎಷ್ಟು ಎಚ್‌ಪಿಯ ಮೋಟಾರು ಕೂರಿಸಿದರೂ ಅಷ್ಟೇ.

ಪಂಪು ನೀರನ್ನು ನಿಜವಾಗಿ ಎಳೆಯುವುದೇ ಇಲ್ಲ. ಅದು ಕೊಳವೆಯೊಳಗಿನ ಒತ್ತಡವನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಬಾವಿಯ ನೀರಿನ ಮೇಲೆ ಕೂತ ಗಾಳಿಯ ಭಾರ ನೀರನ್ನು ಕೊಳವೆಯೊಳಕ್ಕೆ ದೂಡುತ್ತದೆ. ಸ್ಟ್ರಾದಲ್ಲಿ ಎಳನೀರು ಬಾಯಿಗೆ ಬರುವುದೂ ಹೀಗೆಯೇ. ಗಾಳಿಯ ಭಾರಕ್ಕೊಂದು ಮಿತಿ ಇದೆ. ಸೇದುವ ಪಂಪುಗಳು ಸುಮಾರು 10 ಮೀಟರಿಗಿಂತ ಮೇಲಕ್ಕೆ ನೀರೆತ್ತುವುದಿಲ್ಲ ಎಂದು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ದಾಖಲಿಸಿದ. ಕಾರಣವನ್ನು ಪಾದರಸದ ಕೊಳವೆಯಿಂದ ತೋರಿಸಿದವನು ಅವನ ಶಿಷ್ಯ ಟಾರಿಚೆಲ್ಲಿ.

ನೂಕುವುದಕ್ಕೆ ಅಂಥ ಮಿತಿ ಇಲ್ಲ. ಹಾಗಾಗಿ ಕೊಳವೆಬಾವಿ ಬಂದಾಗ ಮೋಟಾರೇ ನೀರಿಗಿಳಿಯಿತು. ಕೋಲಾರದಲ್ಲಿ ಸಾವಿರ ಅಡಿಯಿಂದ ನೀರು ಮೇಲೆ ಬರುತ್ತಿರುವುದು ಕೆಳಗೆ ಕೂತ ಸಬ್‌ಮರ್ಸಿಬಲ್ ಅದನ್ನು ನೂಕುತ್ತಿರುವುದರಿಂದ. ಕಾರಿನ ಪೆಟ್ರೋಲ್ ಪಂಪಿನ ಕತೆಯೂ ತೆರೆದ ಬಾವಿಯಿಂದ ಕೊಳವೆಬಾವಿಗೆ ಹೋದ ಕತೆಯೇ. ಆದರೆ ಕಾರಿನಲ್ಲಿ ಎತ್ತಬೇಕಾದ ಎತ್ತರ ಹೆಚ್ಚೆಂದರೆ ಎರಡು ಮೂರು ಅಡಿ. ಅಷ್ಟಕ್ಕೆ ಮೋಟಾರನ್ನು ಮುಳುಗಿಸುವ ಉಸಾಬರಿ ಯಾಕೆ?

ಕುದಿಗೆ ಬೆಂಕಿಯೇ ಬೇಕೆಂದಿಲ್ಲ

ಕುದಿಯುವುದೆಂದರೆ ಒಂದು ತಳ್ಳಾಟ. ದ್ರವದ ಕಣಗಳು ಆವಿಯಾಗಿ ಹೊರನೆಗೆಯಲು ನೋಡುತ್ತವೆ, ಸುತ್ತಲಿನ ಒತ್ತಡ ಅವನ್ನು ಅದುಮಿ ಹಿಡಿಯುತ್ತದೆ. ಬಿಸಿ ಮಾಡಿದರೆ ಕಣಗಳ ಕೈ ಮೇಲಾಗುತ್ತದೆ. ಬಿಸಿ ಮಾಡದೆ ಸುತ್ತಲಿನ ಒತ್ತಡ ಇಳಿಸಿದರೂ ಅವುಗಳ ಕೈಯೇ ಮೇಲು. ಮಡಿಕೇರಿಯಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದು ಅಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ. ಕುಕ್ಕರಿನ ಮುಚ್ಚಳದಡಿ ನೀರು 120 ಡಿಗ್ರಿಯವರೆಗೂ ಕುದಿಯದೆ ತಾಳಿಕೊಳ್ಳುವುದು ಅಲ್ಲಿ ಒತ್ತಡ ಹೆಚ್ಚಿರುವುದರಿಂದ.

ಪೆಟ್ರೋಲು ಈ ತಳ್ಳಾಟದಲ್ಲಿ ನೀರಿಗಿಂತ ಬಹಳ ಅವಸರದ್ದು. ಅದು ಒಂದೇ ದ್ರವವೂ ಅಲ್ಲ, ನೂರಾರು ದ್ರವಗಳ ಹುಳಿ ಇದ್ದ ಹಾಗೆ. ಅದರಲ್ಲಿನ ಹಗುರ ಭಾಗಗಳು ಮೂವತ್ತು, ನಲವತ್ತು ಡಿಗ್ರಿಗೇ ಆವಿಯಾಗಲು ಹೊರಡುತ್ತವೆ. ಭಾರದವು ಇನ್ನೂರು ಡಿಗ್ರಿಯವರೆಗೂ ಕಾಯುತ್ತವೆ.

ಈಗ ಚಾರ್ಮಾಡಿಯ ಟ್ಯಾಕ್ಸಿಗೆ ಮರಳೋಣ. ಟ್ಯಾಂಕು ಹಿಂದೆ, ಪಂಪು ಮುಂದೆ. ಎಂಜಿನ್ ತಿರುಗಿದಾಗ ಪಂಪಿನೊಳಗಿನ ರಬ್ಬರಿನ ಪೊರೆ ಉಬ್ಬಿ ತಗ್ಗಿ, ಇಡೀ ಕಾರಿನ ಉದ್ದದ ಕೊಳವೆಯಲ್ಲಿ ಪೆಟ್ರೋಲನ್ನು ಸೇದುತ್ತದೆ. ಸೇದುವುದೆಂದರೆ ಒತ್ತಡ ಇಳಿಸುವುದು. ಘಾಟಿಯಲ್ಲಿ ಮೊದಲ ಗೇರು, ಎರಡನೇ ಗೇರು. ಎಂಜಿನ್ ಕೆಂಡದಂತಿದೆ, ಎದುರುಗಾಳಿ ಇಲ್ಲ, ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡವೂ ಕೊಂಚ ಇಳಿದಿದೆ. ಬಿಸಿಯೂ ಸೇರಿತು, ಒತ್ತಡವೂ ತಗ್ಗಿತು. ಪೆಟ್ರೋಲು ಕೊಳವೆಯಲ್ಲೇ ಕುದಿಯಿತು. ಇನ್ನು ಪಂಪಿನ ಪೊರೆ ಎಷ್ಟು ಬಡಿದುಕೊಂಡರೂ ಆವಿಯ ಗುಳ್ಳೆ ಹಿಗ್ಗುತ್ತದೆ, ಕುಗ್ಗುತ್ತದೆ, ದ್ರವ ಮುಂದೆ ಬರುವುದಿಲ್ಲ. ಇದನ್ನು ಆವಿಗಂಟು ಎನ್ನೋಣ. ಒದ್ದೆ ಬಟ್ಟೆ ಪಂಪನ್ನು ತಣಿಸಿ ಆವಿಯನ್ನು ಮತ್ತೆ ದ್ರವವಾಗಿಸುತ್ತಿತ್ತು.

ವಿಮಾನದವರಿಗೆ ಈ ಕಾಟ ಮೊದಲೇ ಗೊತ್ತಿತ್ತು. ಹದಿನೆಂಟು ಸಾವಿರ ಅಡಿಯಲ್ಲಿ ಗಾಳಿಯ ಒತ್ತಡ ಅರ್ಧಕ್ಕಿಳಿಯುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಎತ್ತರಕ್ಕೆ ಹಾರುವ ವಿಮಾನಗಳ ಟ್ಯಾಂಕಿನೊಳಗೇ ಪಂಪು ಕೂರಿಸಿ ಇಂಧನವನ್ನು ಎಂಜಿನ್ನಿನ ಕಡೆಗೆ ನೂಕುತ್ತಿದ್ದರು. ಪಂಪು ತಳದಲ್ಲಿದ್ದರೆ ಅದು ಸೇದಬೇಕಾದ ದೂರ ಬೆರಳಗಲ. ಅಲ್ಲಿಂದಾಚೆ ಇಡೀ ಕೊಳವೆಯಲ್ಲಿ ಒತ್ತಡ ಏರಿಯೇ ಇರುತ್ತದೆ. ಇಂದಿನ ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಆ ಒತ್ತಡ ಹೆಚ್ಚುಕಡಿಮೆ 3 ಬಾರ್, ಎಂದರೆ ನಿಮ್ಮ ಕುಕ್ಕರಿನ ಸೀಟಿ ಕೂಗುವ ಒತ್ತಡದ ಮೂರು ಪಟ್ಟು. ಹಾಗೆ ಅದುಮಿಟ್ಟ ಪೆಟ್ರೋಲು ಬಿಸಿ ಎಂಜಿನ್ನಿನ ಮಗ್ಗುಲಲ್ಲೂ ಸುಲಭಕ್ಕೆ ಕುದಿಯದು. ಇಂಜೆಕ್ಟರಿಗೂ ಇದೇ ಬೇಕು. ಅದು ಸೆಕೆಂಡಿನ ಸಾವಿರದ ಕೆಲವು ಪಾಲಿನಷ್ಟು ಹೊತ್ತು ಬಾಯಿ ತೆರೆದು ಅಳತೆಯ ಪೆಟ್ರೋಲನ್ನು ಚಿಮ್ಮಿಸುವ ಸಾಧನ. ನಡುವೆ ಗುಳ್ಳೆ ಬಂದರೆ ಅಳತೆಯೇ ಸುಳ್ಳಾಗುತ್ತದೆ.

ಕಿಡಿ ಇದೆ, ಬೆಂಕಿ ಇಲ್ಲ

ಬೆಂಕಿಗೆ ಪೆಟ್ರೋಲಿನ ಆವಿ ಬೇಕು, ಗಾಳಿ ಬೇಕು, ಅವೆರಡೂ ಹದವಾಗಿ ಬೆರೆತಿರಬೇಕು. ಬೆರಕೆಯ ನೂರು ಪಾಲಿನಲ್ಲಿ ಆವಿ ಸುಮಾರು 1.4ರಿಂದ 7.6 ಪಾಲು ಇದ್ದರೆ ಮಾತ್ರ ಕಿಡಿ ಬೆಂಕಿಯಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯಲು ಆವಿ ಸಾಲದು, ಹೆಚ್ಚಾದರೆ ಗಾಳಿ ಸಾಲದು.

ಮೋಟಾರಿನ ಬ್ರಷ್ಷಿನ ಬಳಿ ಇರುವುದು ಬರೀ ದ್ರವ. ಅಲ್ಲಿ ಗಾಳಿಯೇ ಇಲ್ಲ, ಕಿಡಿ ಹಾರಿದರೂ ಉಸಿರುಗಟ್ಟಿ ಸಾಯುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನ ಮೇಲ್ಭಾಗದಲ್ಲಿ ಗಾಳಿ ಇದೆಯಲ್ಲ ಎಂದು ಕೇಳಬಹುದು. ನಮ್ಮ ಊರುಗಳ ಬಿಸಿಲಿನಲ್ಲಿ ಅಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಏಳೆಂಟಲ್ಲ, ಮೂವತ್ತು ನಲವತ್ತು ಪಾಲು ತುಂಬಿಕೊಂಡಿರುತ್ತದೆ. ಉರಿಯಲಾರದಷ್ಟು ದಟ್ಟ.

ಪೆಟ್ರೋಲಿಗಿಂತ ಸೀಮೆಎಣ್ಣೆ ಸಾಧು ಎಂದು ನಾವು ನಂಬಿದ್ದೇವೆ. ಆದರೆ ಮುಚ್ಚಿದ ಬಿಸಿ ಟ್ಯಾಂಕಿನಲ್ಲಿ ಈ ನಂಬಿಕೆ ತಲೆಕೆಳಗಾಗಬಹುದು. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೊರಟ ಟಿಡಬ್ಲ್ಯುಎ 800 ವಿಮಾನ ಲಾಂಗ್ ಐಲೆಂಡಿನ ಆಚೆ ಸಮುದ್ರದ ಮೇಲೆ ಸಿಡಿಯಿತು. ಅದರಲ್ಲಿದ್ದ 230 ಜನರೂ ಸತ್ತರು. ಹೆಚ್ಚುಕಡಿಮೆ ಖಾಲಿಯಿದ್ದ ನಡುವಿನ ಟ್ಯಾಂಕಿನ ಕೆಳಗೆ ಹವಾನಿಯಂತ್ರಣದ ಯಂತ್ರಗಳಿದ್ದವು. ಅವುಗಳ ಬಿಸಿಗೆ ಸೀಮೆಎಣ್ಣೆಯ ಜಾತಿಯ ಆ ಇಂಧನದ ಆವಿ ಎದ್ದು, ಉರಿಯುವ ಹದಕ್ಕೇ ಬಂದು ನಿಂತಿತ್ತು. ಪೆಟ್ರೋಲಾಗಿದ್ದರೆ ಅಲ್ಲಿ ಆವಿ ಎಂದೋ ಆ ಹದ ದಾಟಿರುತ್ತಿತ್ತು.

ಇಷ್ಟು ಕೇಳಿ ಯಾರೂ ಧೈರ್ಯ ಮಾಡಬಾರದು. ಟ್ಯಾಂಕಿನ ಒಳಗೆ ಆವಿ ಅತಿ ದಟ್ಟ, ಹತ್ತು ಅಡಿ ದೂರದಲ್ಲಿ ಅತಿ ತೆಳು. ಎಂದ ಮೇಲೆ ಇವೆರಡರ ನಡುವೆ ಎಲ್ಲೋ ಒಂದು ಕಡೆ ಅದು ಉರಿಯುವ ಹದದಲ್ಲಿ ಇರಲೇಬೇಕು. ಮುಚ್ಚಳ ತೆಗೆದ ಟ್ಯಾಂಕಿನ ಬಾಯಿಯೇ ಆ ಜಾಗ. ನಮ್ಮ ಮುಖ ಇರುವುದೂ ಅಲ್ಲಿಯೇ.

ರಿಸರ್ವ್ ದೀಪ ಮತ್ತು ಮರದ ಸುತ್ತಿಗೆ

ಮೂರು ವರ್ಷದ ಹಿಂದೆ, ಮಂಗಳೂರಿನಿಂದ ಬರುವಾಗ ಶಿರಾಡಿ ಘಾಟಿಯಲ್ಲಿ ನನ್ನ ಹಳೆಯ ಕಾರು ನಿಂತಿತು. ರಿಸರ್ವ್ ದೀಪ ಬೆಳಿಗ್ಗೆಯಿಂದಲೇ ಹೊತ್ತಿಕೊಂಡಿತ್ತು. ಸಕಲೇಶಪುರದಲ್ಲಿ ಹಾಕಿಸಿದರಾಯಿತೆಂದು ನಾನು ಮುಂದೂಡಿದ್ದೆ, ಅದು ನನ್ನ ಹಳೆಯ ಚಾಳಿ. ಗುಂಡ್ಯದ ಕಡೆಯಿಂದ ಬೈಕಿನಲ್ಲಿ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. ‘ಸಾರ್, ಕೀ ಆನ್ ಮಾಡಿ, ಸೆಲ್ಫ್ ಹೊಡೀಬೇಡಿ’ ಎಂದು ಹಿಂದಿನ ಸೀಟಿಗೆ ಕಿವಿಯಿಟ್ಟ. ಜುಂಯ್ ಇಲ್ಲ. ಕಾರಿನಡಿ ಮಲಗಿ ಟ್ಯಾಂಕಿನ ತಳಕ್ಕೆ ಮರದ ಸುತ್ತಿಗೆಯಿಂದ ನಾಲ್ಕು ಹದವಾದ ಪೆಟ್ಟು ಕೊಟ್ಟ. ಜುಂಯ್ ಎಂದಿತು. ‘ಮನೆ ತಲಪುತ್ತೀರಿ. ಇದು ಇನ್ನು ಹೆಚ್ಚು ದಿನ ಬರೋದಿಲ್ಲ’ ಎಂದ. ಎರಡೂ ನಿಜವಾಯಿತು.

ಪಂಪಿನೊಳಗೆ ಪೆಟ್ರೋಲು ಮೋಟಾರಿನ ಪಕ್ಕದಲ್ಲಲ್ಲ, ಮೋಟಾರಿನ ಮಧ್ಯದಲ್ಲೇ ಹಾದುಹೋಗುತ್ತದೆ. ಸುರುಳಿಯ ಬಿಸಿ ಒಯ್ಯುವುದೂ ಅದೇ, ಬೇರಿಂಗಿಗೆ ಜಾರಿಕೆ ಕೊಡುವುದೂ ಅದೇ. ಬೋರಿನ ನೀರು ಬತ್ತಿ ಮೋಟಾರು ಡ್ರೈ ರನ್ ಆದರೆ ಏನಾಗುತ್ತದೆಂದು ರಿವೈಂಡಿಂಗ್ ಅಂಗಡಿಗೆ ಅಲೆದ ರೈತರಿಗೆ ಹೇಳಬೇಕಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಪಂಪು ಗಂಟೆಗೆ 80ರಿಂದ 100 ಲೀಟರ್ ಪೆಟ್ರೋಲು ನೂಕುತ್ತದೆ. ಲೀಟರಿಗೆ 16 ಕಿಲೋಮೀಟರ್ ಕೊಡುವ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಿದರೆ ಖರ್ಚಾಗುವುದು 5 ಲೀಟರ್. ಉಳಿದದ್ದೆಲ್ಲ ಮತ್ತೆ ಟ್ಯಾಂಕಿಗೇ ಬೀಳುತ್ತದೆ, ಮತ್ತೆ ಪಂಪಿನೊಳಗೆ ಸುತ್ತುತ್ತದೆ. ಮೋಟಾರು ಹೀರುವುದು ಸುಮಾರು 90 ವಾಟ್. ಅಷ್ಟೂ ಕೊನೆಗೆ ಬಿಸಿಯಾಗಿ ಪೆಟ್ರೋಲಿಗೇ ಸೇರುತ್ತದೆ. ಬಿಸಿ ಹೊರಹೋಗಲು ದಾರಿಯೇ ಇಲ್ಲವೆಂದುಕೊಂಡರೆ, 40 ಲೀಟರ್ ತುಂಬಿದ ಟ್ಯಾಂಕು ಒಂದು ಗಂಟೆಯಲ್ಲಿ ಐದು ಡಿಗ್ರಿ ಕಾಯುತ್ತದೆ. ಅದೇ ಟ್ಯಾಂಕಿನಲ್ಲಿ 5 ಲೀಟರ್ ಮಾತ್ರ ಇದ್ದರೆ ನಲವತ್ತು ಡಿಗ್ರಿ! ನಿಜದಲ್ಲಿ ಟ್ಯಾಂಕಿನ ಗೋಡೆಯಿಂದ ಬಿಸಿ ಸೋರುತ್ತದೆ, ಇಷ್ಟಾಗುವುದಿಲ್ಲ. ಆದರೂ ರಿಸರ್ವ್‌ನಲ್ಲೇ ಓಡುವವರ ಪಂಪು ಬೇಗ ಸಾಯುವುದೇಕೆಂದು ತಿಳಿಯಲು ಈ ಅಂದಾಜು ಸಾಕು. ಬಿಸಿ ಪೆಟ್ರೋಲು ಪಂಪಿನ ಬಾಯಲ್ಲೇ ಗುಳ್ಳೆಯಾಗುತ್ತದೆ. ಗುಳ್ಳೆ ತಣಿಸುವುದೂ ಇಲ್ಲ, ಜಾರಿಸುವುದೂ ಇಲ್ಲ. ಟ್ಯಾಕ್ಸಿಯ ಬಾನೆಟ್ಟಿನಡಿ ಇದ್ದ ಆವಿಗಂಟು ನನ್ನ ಸೀಟಿನಡಿಗೆ ಬಂದಿತ್ತು.

ಹಿಂದಿನ ಸೀಟಿನ ಕೆಳಗೆ

ಬಹಳಷ್ಟು ಕಾರುಗಳಲ್ಲಿ ಹಿಂದಿನ ಸೀಟು ಎತ್ತಿದರೆ ತಗಡಿನ ಮುಚ್ಚಳವೊಂದು ಕಾಣುತ್ತದೆ. ಅದರ ಕೆಳಗೆ ಪಂಪಿನ ತಲೆ. ಕೆಲವು ಮಾದರಿಗಳಲ್ಲಿ ಈ ಕಿಂಡಿಯಿಲ್ಲ, ಟ್ಯಾಂಕನ್ನೇ ಇಳಿಸಬೇಕು. ಆ ಕೆಲಸವನ್ನು ಮನೆಯಲ್ಲಿ ಮಾಡಬಾರದೆಂದು ನನ್ನ ಖಡಾಖಂಡಿತ ಅಭಿಪ್ರಾಯ. ನನ್ನದರಲ್ಲಿ ಕಿಂಡಿ ಇತ್ತು, ಜೊತೆಗೆ ಇಂಥ ಕೆಲಸದಲ್ಲಿ ಪಳಗಿದ ಸೋದರಳಿಯ ಇದ್ದ.

ಶೆಡ್ಡಿನಲ್ಲಿ ಬೇಡ ಎಂದು ಕಾರನ್ನು ಅಂಗಳಕ್ಕೆ ತಂದೆವು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇಳದೆ ನೆಲದ ಮೇಲೆ ನೀರಿನಂತೆ ಹರಿದು, ತಗ್ಗಿನಲ್ಲಿ ಮಡುಗಟ್ಟಿ, ಬಚ್ಚಲಿನ ಗ್ಯಾಸ್ ಗೀಸರಿನವರೆಗೂ ಹೋಗಬಲ್ಲದು. ಎಂಜಿನ್ ಪೂರ್ತಿ ತಣ್ಣಗಿತ್ತು, ಬೆಂಕಿ ಆರಿಸುವ ಸಿಲಿಂಡರು ಕೈಗೆಟುಕುವಂತಿತ್ತು. ಮೊದಲು ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿದೆವು. ಕೊಳವೆಯಲ್ಲಿ ಉಳಿದ ಒತ್ತಡವನ್ನು ಕುಡಿದು ಅದು ಕೆಲವೇ ಕ್ಷಣದಲ್ಲಿ ಬಂದಾಯಿತು. ಆಮೇಲೆ ಬ್ಯಾಟರಿಯ ನೆಗೆಟಿವ್ ವಯರು ಬಿಚ್ಚಿದೆವು. ಬಿಚ್ಚುವಾಗ ಸಣ್ಣ ಕಿಡಿ ಹಾರುವುದುಂಟು, ಹಾಗಾಗಿ ಟ್ಯಾಂಕು ತೆರೆಯುವ ಮುಂಚೆಯೇ ಇದು ಮುಗಿದಿರಬೇಕು.

ಪಂಪಿನ ತಲೆಯ ಸುತ್ತ ಹದಿನಾಲ್ಕು ವರ್ಷದ ಕೆಮ್ಮಣ್ಣು ಕೂತಿತ್ತು. ಅದನ್ನು ಹಲ್ಲುಜ್ಜುವ ಹಳೆಯ ಬ್ರಷ್ಷು, ಒದ್ದೆ ಬಟ್ಟೆಯಿಂದ ತೆಗೆಯುವುದಕ್ಕೇ ಅರ್ಧ ಗಂಟೆ ಹೋಯಿತು. ಇಲ್ಲದಿದ್ದರೆ ಅಷ್ಟೂ ಟ್ಯಾಂಕಿಗೆ ಬೀಳುತ್ತದೆ. ಲಾಕ್ ರಿಂಗನ್ನು ಮರದ ತುಂಡಿಟ್ಟು ತಟ್ಟಿ ತಿರುಗಿಸಿದೆವು. ಕಬ್ಬಿಣಕ್ಕೆ ಕಬ್ಬಿಣ ಬಡಿಯುವಂತಿಲ್ಲ.

ಹೊರಬಂದದ್ದು ಚೊಂಬಿನಂಥ ಒಂದು ಪ್ಲಾಸ್ಟಿಕ್ ಪಾತ್ರೆ. ಪಂಪು ಅದರೊಳಗೆ ಕೂತಿರುತ್ತದೆ. ತಿರುವಿನಲ್ಲಿ ಪೆಟ್ರೋಲು ಒಂದು ಬದಿಗೆ ತುಳುಕಿದರೂ ಚೊಂಬಿನಲ್ಲಿ ಒಂದಿಷ್ಟು ಉಳಿಯಲಿ ಎಂಬ ಉಪಾಯ. ತಳದಲ್ಲಿ ಪಂಪಿನ ಬಾಯಿಗೆ ಕಾಲುಚೀಲದಂತೆ ತೊಡಿಸಿದ ಜಾಲರಿ ಇತ್ತು. ಬಿಳಿ ಇರಬೇಕಾದದ್ದು ಕಾಫಿ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಬಾಯಿಗೆ ಬಟ್ಟೆ ಕಟ್ಟಿದ ಪಂಪು ಹೆಚ್ಚು ಬಲವಾಗಿ ಸೇದಬೇಕು. ಸೇದಿದಷ್ಟೂ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಷ್ಟೂ ಪೆಟ್ರೋಲು ಬೇಗ ಕುದಿಯುತ್ತದೆ. ಜಾಲರಿ ಬದಲಿಸದೆ ಪಂಪು ಮಾತ್ರ ಬದಲಿಸುವವರು ಇದನ್ನು ಯೋಚಿಸುವುದಿಲ್ಲ.

ಹಳೆಯ ಪಂಪನ್ನು ಒಂದು ವಾರ ಬಿಸಿಲಿಗಿಟ್ಟು, ಆಮೇಲೆ ಕೈಗರಗಸದಲ್ಲಿ ಕುಯ್ದು ನೋಡಿದೆ. ಒಂದು ಬ್ರಷ್ ಉಗುರಿನ ದಪ್ಪಕ್ಕೆ ಸವೆದು, ಅದರ ಹಿಂದಿನ ಸ್ಪ್ರಿಂಗು ಚಾಚುವಷ್ಟು ಚಾಚಿ ನಿಂತಿತ್ತು. ಸವೆದ ಬ್ರಷ್ಷು ತಿರುಗುವ ಬಿಲ್ಲೆಯನ್ನು ಮುಟ್ಟಿಯೂ ಮುಟ್ಟದ ಹಾಗಿತ್ತು. ಶಿರಾಡಿಯ ಸುತ್ತಿಗೆಯ ಪೆಟ್ಟು ಕೂಡಿಸಿದ್ದು ಆ ಕೂದಲೆಳೆಯ ಅಂತರವನ್ನು.

ಹೊಸದನ್ನು ಕೂರಿಸುವಾಗ ಹಳೆಯ ರಬ್ಬರ್ ಉಂಗುರ ತನ್ನ ತೋಡಿನಲ್ಲಿ ಕೂರಲೇ ಇಲ್ಲ, ಪೆಟ್ರೋಲು ಕುಡಿದು ಅದು ಉಬ್ಬಿತ್ತು. ಹೊಸದನ್ನೇ ಹಾಕಿದೆವು. ಒಳಗಿನ ಪುಟ್ಟ ಕೊಳವೆಗೂ ಸಾಮಾನ್ಯ ಪೆಟ್ರೋಲ್ ಪೈಪು ಆಗದು. ಅದು ಒಳಗೋಡೆಗೆ ಮಾತ್ರ ಪೆಟ್ರೋಲು ತಾಗಲೆಂದು ಮಾಡಿದ್ದು. ಪೂರ್ತಿ ಮುಳುಗಿಸಿದರೆ ಹೊರಗೋಡೆ ಮೆತ್ತಗಾಗಿ ಬಿರಿಯುತ್ತದೆ. ಮುಳುಗಿಸಲೆಂದೇ ಮಾಡಿದ ಕೊಳವೆ ಬೇರೆ ಸಿಗುತ್ತದೆ.

ಎಥನಾಲ್‌ನ ಲೆಕ್ಕವನ್ನೂ ಇಲ್ಲೇ ಹಿಡಿಯಬೇಕು. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಇ-20 ಪೆಟ್ರೋಲು 2023ರ ಫೆಬ್ರುವರಿ 6ರಂದು ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ, ಕೆಲವು ರಬ್ಬರುಗಳನ್ನು ಉಬ್ಬಿಸುತ್ತದೆ, ಮೋಟಾರಿನ ತಾಮ್ರವನ್ನು ತಿನ್ನಬಲ್ಲದು. ಅದಕ್ಕೇ ಹೊಸ ಪಂಪುಗಳಲ್ಲಿ ಬ್ರಷ್ ಉಜ್ಜುವ ಬಿಲ್ಲೆಯನ್ನೂ ಕಾರ್ಬನ್ನಿನಿಂದ ಮಾಡುತ್ತಾರೆ. ಎಥನಾಲ್ ಒಂಟಿಯಾಗಿ ಕುದಿಯುವುದು 78 ಡಿಗ್ರಿಗೆ. ಆದರೆ ಅಷ್ಟಿಷ್ಟು ಪೆಟ್ರೋಲಿಗೆ ಬೆರೆತಾಗ ಪೆಟ್ರೋಲು ಆವಿಯಾಗುವ ಆತುರವನ್ನು ಹೆಚ್ಚಿಸುತ್ತದೆ.

‘ದೊಡ್ಡದು ಹಾಕೋಣ ಮಾವ’

ಸೋದರಳಿಯ ಒಂದು ಡಬ್ಬ ತಂದಿದ್ದ. ಗಂಟೆಗೆ 255 ಲೀಟರ್ ನೂಕುವ ಪಂಪು. ಕಾರನ್ನು ತಿದ್ದಿ ಓಡಿಸುವ ಹುಡುಗರ ನಡುವೆ ಈ ಸಂಖ್ಯೆಗೆ ಒಂದು ಪ್ರಭಾವಳಿ ಇದೆ. ‘ಪಿಕಪ್ ಬರುತ್ತೆ, ನೋಡ್ತಿರಿ’ ಎಂದ.

ಬರುವುದಿಲ್ಲ. ಎಂಬತ್ತು ಎಚ್‌ಪಿಯ ಎಂಜಿನ್ ಆಕ್ಸಿಲರೇಟರನ್ನು ತಳಮುಟ್ಟ ಒತ್ತಿದರೂ ಗಂಟೆಗೆ 25 ಲೀಟರ್ ಸುತ್ತಮುತ್ತ ಕುಡಿಯುತ್ತದೆ. ಮೂಲ ಪಂಪೇ ಅದರ ಮೂರು ಪಟ್ಟು ಕೊಡುತ್ತಿದೆ. ಮನೆಗೆ ಹೆಬ್ಬೆಟ್ಟಿನ ನಲ್ಲಿ ಇಟ್ಟುಕೊಂಡು ಓವರ್‌ಹೆಡ್ ಟ್ಯಾಂಕು ದೊಡ್ಡದು ಕಟ್ಟಿಸಿದರೆ ಕೊಡ ಬೇಗ ತುಂಬುತ್ತದೆಯೇ? ಟರ್ಬೊ ಕೂರಿಸಿ ಮುನ್ನೂರು ಎಚ್‌ಪಿ ತೆಗೆಯುವವರ ಮಾತು ಬೇರೆ. ಅಂಥ ಎಂಜಿನ್ ಗಂಟೆಗೆ ನೂರು ಲೀಟರ್ ದಾಟುತ್ತದೆ. ಟರ್ಬೊ ಒಳಗೆ ತುರುಕಿದ ಗಾಳಿಯ ಎದುರು ಚಿಮ್ಮಿಸಲು ಪೆಟ್ರೋಲಿನ ಒತ್ತಡವನ್ನೂ ಏರಿಸಬೇಕು, ಒತ್ತಡ ಏರಿದಷ್ಟೂ ಯಾವ ಪಂಪಿನ ಹರಿವೂ ಇಳಿಯುತ್ತದೆ. ಡಬ್ಬದ ಮೇಲಿನ 255 ಒಂದು ಗೊತ್ತಾದ ಒತ್ತಡ, ಒಂದು ಗೊತ್ತಾದ ವೋಲ್ಟೇಜಿನಲ್ಲಿ ಅಳೆದದ್ದು.

ನನ್ನ ಕಾರಿಗೆ ಅದನ್ನು ಹಾಕಿದ್ದರೆ ಎಂಜಿನ್ ಕುಡಿಯದ ಇನ್ನೂರ ಮೂವತ್ತು ಲೀಟರ್ ಗಂಟೆಗಂಟೆಗೂ ಸುಮ್ಮನೆ ಸುತ್ತುತ್ತಿತ್ತು. ದೊಡ್ಡ ಮೋಟಾರು ಇನ್ನೂರು ವಾಟಿನಷ್ಟು ಹೀರುವುದುಂಟು. ಸ್ನಾನದ ನೀರು ಕಾಯಿಸುವ ಕಾಯಿಲ್‌ನ ಮರಿಯೊಂದನ್ನು ಪೆಟ್ರೋಲಿಗೆ ಇಳಿಬಿಟ್ಟ ಹಾಗೆ. ಟ್ಯಾಂಕು ಬೆಚ್ಚಗಾಗಿ, ಪಂಪಿನ ಬಾಯಲ್ಲಿ ಗುಳ್ಳೆ ಎದ್ದು, ಕೊನೆಗೆ ಹರಿವೇ ಕುಂಠಿತ. ಹಲವು ಹೊಸ ಕಾರುಗಳಲ್ಲಿ ಅದಕ್ಕೆಂದೇ ಅಗತ್ಯ ಕಡಿಮೆ ಇದ್ದಾಗ ಪಂಪಿನ ವೇಗವನ್ನೇ ತಗ್ಗಿಸುವ ಏರ್ಪಾಡಿದೆ.

ಹಾಗಾಗಿ ಮೂಲ ಗಾತ್ರದ ಪಂಪನ್ನೇ ಕೂರಿಸಿದೆವು. ಕಿಂಡಿಯ ಮುಚ್ಚಳ ಬಿಗಿದು, ಆವಿ ಹಾರಿಹೋಗಲು ಬಿಟ್ಟು, ಬ್ಯಾಟರಿ ಜೋಡಿಸಿ, ಮೂರು ಸಲ ಕೀ ಆನ್ ಮಾಡಿದೆವು. ಮೊದಲ ಜುಂಯ್ ಕೀರಲಾಗಿ ಬಂತು. ಕೊಳವೆ ತುಂಬಿ ಭಾರ ಬಿದ್ದ ಮೇಲೆ, ಮೂರನೆಯದಕ್ಕೆ, ಸದ್ದು ತಗ್ಗಿ ಗಟ್ಟಿಯಾಯಿತು.

ಆದರೂ ಹರಿವು ನನಗೆ ಸಾಲದೆನಿಸಿತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಬಳಿ ಮೀಟರು 13.8 ವೋಲ್ಟ್ ತೋರಿಸಿದರೆ, ಹಿಂದೆ ಪಂಪಿನ ವಯರಿಂಗಿನಲ್ಲಿ ತೋರಿಸಿದ್ದು 11.4. ಹದಿನಾಲ್ಕು ವರ್ಷ ಹಳೆಯ ತೆಳು ವಯರು, ಕಿಲುಬು ಹಿಡಿದ ಜೋಡಣೆಗಳು ನಡುದಾರಿಯಲ್ಲೇ ಸುಮಾರು ಎರಡೂವರೆ ವೋಲ್ಟ್ ತಿಂದಿದ್ದವು. ಟ್ರಾನ್ಸ್‌ಫಾರ್ಮರಿನಿಂದ ದೂರದ ತೋಟಕ್ಕೆ ಸಣ್ಣ ಕೇಬಲ್ ಎಳೆದವರ ಪಂಪು ಸೊರಗುವ ಹಾಗೆ. ಬ್ಯಾಟರಿಯಿಂದ ನೇರ ದಪ್ಪ ವಯರು, ಬುಡದಲ್ಲೊಂದು ಫ್ಯೂಸು, ಹಳೆಯ ವಯರಿನ ಅಪ್ಪಣೆಯಂತೆ ಕೂಡುವ ಒಂದು ರಿಲೇ, ಹಿಂದೆ ಹೊಸ ಅರ್ತಿಂಗು. ಈ ವಯರಿನ ಕೆಲಸ ಶುರುಮಾಡುವ ಮುಂಚೆ ಅಂಗಳದಲ್ಲಿ ಮುಚ್ಚಳದ ಕ್ಯಾನಿಗೆ ವಾಪಸು ಪೈಪು ಬಿಟ್ಟು ಅರ್ಧ ನಿಮಿಷ ಹಿಡಿದಾಗ ಬಂದದ್ದು 600 ಮಿಲಿಲೀಟರ್. ವಯರು ಬದಲಿಸಿದ ಮೇಲೆ ಅದೇ ಅರ್ಧ ನಿಮಿಷಕ್ಕೆ 760.

255ರ ಡಬ್ಬ ಅಟ್ಟದ ಮೇಲಿದೆ. ಹುಡುಗ ಈಗ ಟರ್ಬೊದ ಬೆಲೆ ವಿಚಾರಿಸುತ್ತಿದ್ದಾನೆ.